ಬ್ರೆಡ್ಡು ತರುವ ಸೈಕಲ್ಲು

ಫೆಬ್ರವರಿ 6, ಮಂಗಳವಾರ

ಈ ಪುಸ್ತಕ ಮಗಳು ಬೌಕೆ ತಂದುಕೊಟ್ಟದ್ದು. "ಅಮ್ಮ, ಅಪ್ಪನ ಮೇಲೆ ಕಿರುಚಬೇಕು ಅನ್ಸಿದಾಗೆಲ್ಲ ಇದರಲ್ಲಿ ಬರಿ. ಅವರ ಕಿವಿಯಾದ್ರೂ ಉಳಿಯುತ್ತೆ" ಅಂದಳು. ನಾನು ಹದಿನಾಲ್ಕು ತುಂಬುವ ಮೊದಲೇ ಶಾಲೆ ಬಿಟ್ಟು ಸಿಗಡಿ ಸುಲಿಯಲು ಕೂತವಳು. ಹಾಲಿನವನಿಗೆ ಚೀಟಿ ಬರೆದಿಟ್ಟು ಗೊತ್ತು, ಅಷ್ಟೇ. ಆದರೆ ಇವತ್ತು ಕಿರುಚಿ ಕಿರುಚಿ ಗಂಟಲು ಕಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಂಡ ವೀಬ್ರನ್ ಮತ್ತೆ ಸೂಪು ಚೆಲ್ಲಿಕೊಂಡ. ಬಟಾಣಿ ಸೂಪು, ಬೆಳಿಗ್ಗೆಯಷ್ಟೇ ಇಸ್ತ್ರಿ ಮಾಡಿದ ಅಂಗಿ. ತಟ್ಟೆಯ ಕಡೆ ನೋಡುವುದೇ ಇಲ್ಲ. ಎದುರಿನ ಗೋಡೆಯ ಮೇಲೆ ಏನೋ ಬರೆದಿದೆ ಎನ್ನುವ ಹಾಗೆ ನೇರ ನೋಡುತ್ತಾ ಚಮಚ ಎತ್ತುತ್ತಾನೆ.

"ಕೆಳಗೆ ನೋಡ್ಕೊಂಡು ತಿನ್ನೋ" ಅಂದೆ.

"ನೋಡ್ತಾನೇ ಇದೀನಲ್ಲ" ಅಂದ.

ಸುಳ್ಳ. ಜೀವಮಾನವಿಡೀ ಕಡಲ ಒಡ್ಡಿನ ಮೇಲೆ ಮಂಡಿಯೂರಿ, ಕೆಳಗೆ ನೋಡಿ ನೋಡಿಯೇ ಕರಿಕಲ್ಲು ಕೂರಿಸಿದ ಮನುಷ್ಯ. ಎರಡು ಕಲ್ಲಿನ ನಡುವೆ ಚಾಕು ತೂರದ ಹಾಗೆ ಕೂರಿಸುತ್ತಿದ್ದ. ಅಂಥವನಿಗೆ ಈಗ ಸ್ವಂತ ತಟ್ಟೆ ನೋಡಲು ಸೋಮಾರಿತನ. ಕುರ್ಚಿಯಲ್ಲಿ ಕೂರುವುದೂ ಹಾಗೇ, ಮೂಟೆ ಎಸೆದ ಹಾಗೆ ಧೊಪ್ಪೆಂದು. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ನನ್ನ ಕಾಫಿ ಆರಿರುತ್ತದೆ.

ಊರಿನ ಡಾಕ್ಟರು ಪಾರ್ಕಿನ್ಸನ್ ಅಂದು ಮಾತ್ರೆ ಕೊಟ್ಟು ವರ್ಷವಾಗುತ್ತಾ ಬಂತು. ಕೈ ನಡುಗುವುದಿಲ್ಲ, ಏನಿಲ್ಲ, ಅದೆಂಥ ಪಾರ್ಕಿನ್ಸನ್ನೋ. ಮಾತ್ರೆಯಿಂದ ಏನೂ ಬದಲಾಗಿಲ್ಲ. ಈಗ ಅವರೇ ಕೈ ಚೆಲ್ಲಿ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ.

ಫೆಬ್ರವರಿ 12, ಸೋಮವಾರ

ಗಾಳಿ. ಕಿಟಕಿ ಗಾಜಿನ ಮೇಲೆಲ್ಲ ಉಪ್ಪು. ಒರೆಸಿದೆ, ಮತ್ತೆ ಕೂತಿತು, ಮತ್ತೆ ಒರೆಸಿದೆ.

ಬ್ರೆಡ್ಡು ತರಲು ಹೋದ ವೀಬ್ರನ್ ಹತ್ತು ಗಂಟೆಯ ಕಾಫಿಗೂ ಬರಲಿಲ್ಲ. ಬೇಕರಿ ಇರುವುದು ಸೇತುವೆಯ ಆಚೆ. ಸೈಕಲ್ಲಿನಲ್ಲಿ ಹೋದರೆ ನಾನು ಒಲೆಯ ಮೇಲೆ ಹಾಲಿಟ್ಟು ಹೋಗಿ ಬರುತ್ತೇನೆ. ಈ ಮನುಷ್ಯನಿಗೆ ಅರ್ಧ ಬೆಳಿಗ್ಗೆ ಬೇಕು. ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಬೇಕರಿಯ ಡೀವ್ಕೆಯ ಹತ್ತಿರ ಹರಟೆ ಕೊಚ್ಚುತ್ತಾ ನಿಲ್ಲುತ್ತಾನೆ ಅಂತ ಕಾಣುತ್ತದೆ.

ಸಂಜೆ ಪಕ್ಕದ ಮನೆಯ ಗೆರ್ಲೋಫ್ ಬೇಲಿಯಿಂದ ಇಣುಕಿದ. ಸೇತುವೆಯ ಬೆಂಚಿನ ಮೇಲೆ ಕೂತು ಹೋಗಿ ಬರುವವರನ್ನು ನೋಡುವುದೇ ಅವನ ಉದ್ಯೋಗ. "ನಿನ್ನ ಗಂಡನ ಟೈರು ರಿಪೇರಿ ಆಯ್ತಾ?" ಅಂದ. "ಯಾವ ಟೈರು?" ಅಂದೆ. ನನ್ನ ಮುಖ ನೋಡಿದ, ಸೀಟಿ ಹಾಕುತ್ತಾ ಒಳಗೆ ಹೋದ. ಅವನಿಗೂ ಅರಳುಮರುಳು ಶುರುವಾಗಿದೆ.

ಫೆಬ್ರವರಿ 22, ಗುರುವಾರ

ಆಸ್ಪತ್ರೆಗೆ ಹೋಗಿ ಬಂದೆವು. ಬೌಕೆಯೇ ಕಾರು ಓಡಿಸಿದಳು. ಅಲ್ಲಿ ಒಳಗೇ ಒಂದು ಊರಿದೆ. ಹೂವಿನಂಗಡಿ, ಕಾಫಿ ಅಂಗಡಿ. ಕಾಯಿಲೆ ಬಿದ್ದವರು ಮಾತ್ರ ಮೂಲೆಯಲ್ಲಿ.

ಡಾಕ್ಟರ್ ಹೆಸೆಲಿಂಕ್ ಅಂತ ಹೆಂಗಸು, ಬೌಕೆಗಿಂತ ಚಿಕ್ಕವಳು. ಗಟ್ಟಿಯಾಗಿ ಕೈ ಕುಲುಕಿದಳು. ಅದು ಹಿಡಿಸಿತು. ಕೂತ ಕೂಡಲೇ ಕೇಳಿದೆ: "ಡಾಕ್ಟ್ರೇ, ಇವನಿಗೆ ಆಗಿರೋದು ಪಾರ್ಕಿನ್ಸನ್ನಾ, ಸೋಮಾರಿತನಾನಾ? ಅದಷ್ಟು ಹೇಳಿ."

ಬೌಕೆ ನನ್ನ ತೊಡೆ ಚಿವುಟಿದಳು. ಡಾಕ್ಟರು ನಗಲಿಲ್ಲ. "ಸೋಮಾರಿತನ ಅಲ್ಲ. ಆದ್ರೆ ಪಾರ್ಕಿನ್ಸನ್ನಿನ ಹಾಗೇ ಕಾಣೋ ಬೇರೆ ಕಾಯಿಲೆಗಳೂ ಇವೆ. ಮೈ ಬಿಗಿಯೋದು, ನಿಧಾನ ಆಗೋದು, ಹೊರಗಿಂದ ನೋಡಿದ್ರೆ ಎಲ್ಲ ಒಂದೇ. ಯಾವುದು ಅಂತ ಬೇರ್ಪಡಿಸೋದೇ ನಮ್ಮ ಕೆಲಸ."

ಆಮೇಲೆ ಸರ್ಕಸ್ಸು ಶುರು. ಹೆಬ್ಬೆರಳಿಗೆ ತೋರುಬೆರಳು ಬೇಗ ಬೇಗ ಬಡಿಯಬೇಕು. ವೀಬ್ರನ್ನನ ಬೆರಳಿನ ಬಡಿತ ಹೋಗುತ್ತಾ ಹೋಗುತ್ತಾ ಸಣ್ಣದಾಯಿತು. ಆ ಬೆರಳಿಗೆ ಸಿಗಡಿ ಕೊಟ್ಟಿದ್ದರೆ ಹಳಸಿಹೋಗುತ್ತಿತ್ತು. ಆಮೇಲೆ ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯಬೇಕು. ಗೆರೆ ಬಿಟ್ಟು ಗೋಡೆಗೆ ಹೋದ. "ನಿಮ್ಮ ಗೆರೆ ಅಲ್ಲಾಡ್ತಾ ಇದೆ, ಡಾಕ್ಟ್ರೇ" ಅಂದ. ಕಲ್ಲು ಕೂರಿಸಿ ಮಂಡಿ ಸವೆದಿದೆ, ಅದಕ್ಕೆ ಹಾಗೆ ಅಂತ ನಾನು ವಿವರಿಸಿದೆ. ಆಕೆ ಬರೆದುಕೊಂಡಳು.

ಆಮೇಲೆ ಹಿಂದೆ ನಿಂತು, "ಎಳೀತೀನಿ, ಬೀಳದ ಹಾಗೆ ನಿಲ್ಲಿ" ಅಂತ ಹೇಳಿ ಭುಜ ಹಿಡಿದು ಎಳೆದಳು. ಕಾಲೇ ಎತ್ತದೆ ಹಲಗೆಯ ಹಾಗೆ ಅವಳ ಮೇಲೆ ಬಂದ. "ಹಂಗೆ ಎಳೆದ್ರೆ ಯಾರಾದ್ರೂ ಬೀಳ್ತಾರೆ" ಅಂದೆ. "ಬನ್ನಿ, ನಿಮ್ಮನ್ನೂ ನೋಡೋಣ" ಅಂದು ನನ್ನನ್ನೂ ಎಳೆದಳು. ಒಂದು ಹೆಜ್ಜೆ ಹಿಂದೆ ಇಟ್ಟು ನಿಂತೆ. "ನೀವು ಇನ್ನೂ ಗಟ್ಟಿ" ಅಂದಳು. ಖುಷಿಯಾಗಬೇಕಿತ್ತು. ಆಗಲಿಲ್ಲ.

"ಮೂರೇ ಮೂರು ಸಲ ಚಪ್ಪಾಳೆ ತಟ್ಟಿ" ಅಂದಳು. ಇವನು ತಟ್ಟಿದ, ತಟ್ಟಿದ, ತಟ್ಟುತ್ತಲೇ ಇದ್ದ. ನನಗೆ ನಗು ತಡೆಯಲಾಗಲಿಲ್ಲ. "ಸಾಕೋ, ನಾಟಕ ಮುಗೀತು" ಅಂದೆ. ನೋಡಿದರೆ ನಾನೊಬ್ಬಳೇ ನಗುತ್ತಿದ್ದೆ.

ಕೊನೆಗೆ ಬೆರಳು ಎತ್ತಿ, ಇಳಿಸಿ, ಕಣ್ಣಿನಿಂದ ಹಿಂಬಾಲಿಸಲು ಹೇಳಿದಳು. ಮೇಲೆ, ಪಕ್ಕಕ್ಕೆ, ಕೆಳಗೆ. ಕೆಳಗೆ ಬಂದಾಗ ಮತ್ತೊಮ್ಮೆ, ಇನ್ನೊಮ್ಮೆ ಮಾಡಿಸಿದಳು. ಬಿದ್ದಿದ್ದೀರಾ ಅಂತ ಕೇಳಿದಳು. ಇಲ್ಲ ಅಂದ.

"ಸೈಕಲ್ಲು ಹೊಡೀತೀರಾ?"

ವೀಬ್ರನ್ ಬಾಯಿ ತೆರೆಯುವ ಮೊದಲೇ ನಾನಂದೆ: "ಇದೆಂಥ ಪ್ರಶ್ನೆ! ದಿನಾ ಬೆಳಿಗ್ಗೆ ಸೈಕಲ್ಲಿನಲ್ಲೇ ಹೋಗಿ ಬ್ರೆಡ್ಡು ತರ್ತಾನೆ. ಮಳೆ ಬರ್ಲಿ, ಗಾಳಿ ಬರ್ಲಿ."

ಆಕೆಯ ಪೆನ್ನು ನಿಂತಿತು. ಮುಖ ಸ್ವಲ್ಪ ಸಡಿಲವಾಯಿತು. ಬೌಕೆ ಯಾಕೆ ಅಂತ ಕೇಳಿದಳು. "ಪಾರ್ಕಿನ್ಸನ್ ಇದ್ದವರು ನಡೆಯೋಕೆ ಒದ್ದಾಡಿದ್ರೂ ಸೈಕಲ್ಲು ಹೊಡೀತಾರೆ. ಆ ಬೇರೆ ಕಾಯಿಲೆಗಳಲ್ಲಿ ಪಕ್ಕಕ್ಕೆ ವಾಲದ ಹಾಗೆ ನಿಲ್ಲೋ ಶಕ್ತಿ ಮೊದಲೇ ಹೋಗುತ್ತೆ. ಸೈಕಲ್ಲು ಬೇಗ ಬಿಟ್ಟುಹೋಗುತ್ತೆ. ಹಾಗಾಗಿ ಇದು ಒಳ್ಳೆ ಸುದ್ದಿ."

"ಆ ಬೇರೆವು ಕೆಟ್ಟವಾ?" ಅಂತ ಕೇಳಿದೆ.

"ಬೇಗ ಬೆಳೀತವೆ. ಮಾತ್ರೆ ಅಷ್ಟಾಗಿ ಕೇಳಲ್ಲ" ಅಂದಳು. ಸುತ್ತಿ ಬಳಸಿ ಮಾತಾಡದಿದ್ದದ್ದೂ ಹಿಡಿಸಿತು. ಮಾತ್ರೆ ಹೆಚ್ಚಿಸಿ ನೋಡೋಣ, ತಲೆಯ ಚಿತ್ರ ತೆಗೆಸೋಣ, ಏಪ್ರಿಲ್‌ನಲ್ಲಿ ಬನ್ನಿ ಅಂದಳು.

ವೀಬ್ರನ್ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅದೇನೂ ಹೊಸದಲ್ಲ.

ಫೆಬ್ರವರಿ 23, ಶುಕ್ರವಾರ

ಸಕ್ಕರೆ ಬ್ರೆಡ್ಡು ತರಿಸಿದೆ. ಬೆಣ್ಣೆ ದಪ್ಪಗೆ ಹಚ್ಚಿ ಕೊಟ್ಟೆ. "ನೋಡ್ದಾ, ಸೈಕಲ್ಲು ನಿನ್ನನ್ನ ಉಳಿಸ್ತು" ಅಂದೆ. ತಿಂದ. ಚೂರುಗಳೆಲ್ಲ ಎದೆಯ ಮೇಲೆ. ಇವತ್ತು ಬೈಯಲಿಲ್ಲ.

ಗೆರ್ಲೋಫ್‌ಗೂ ಬೇಲಿಯಿಂದಲೇ ಹೇಳಿದೆ: ಸೈಕಲ್ಲು ಹೊಡೆಯುವವರಿಗೆ ಕೆಟ್ಟ ಕಾಯಿಲೆ ಬರುವುದಿಲ್ಲವಂತೆ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆ ಮನುಷ್ಯ ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರ್ಚ್ 7, ಗುರುವಾರ

ತಲೆಯ ಚಿತ್ರದ ದಿನ. ಒಂದು ಗದ್ದಲದ ಯಂತ್ರ, ಇನ್ನೊಂದು ಗದ್ದಲವಿಲ್ಲದ್ದು. ಎರಡನೆಯದಕ್ಕೆ ತೋಳಿಗೆ ಸೂಜಿ ಚುಚ್ಚಿ ಗಂಟೆಗಟ್ಟಲೆ ಕಾಯಿಸಿದರು. ನನಗೆ ಕೂರಲಾಗಲಿಲ್ಲ. ಆ ಉದ್ದ ಮೊಗಸಾಲೆಯಲ್ಲಿ ಅತ್ತ ಇತ್ತ ಓಡಾಡಿದೆ. ಕುಂಡದ ಗಿಡಗಳಿಗೆ ನೀರಿಲ್ಲ ಅಂತ ಹೂವಿನಂಗಡಿಯವಳಿಗೆ ಹೇಳಿದೆ. ಪ್ಲಾಸ್ಟಿಕ್ ಗಿಡಗಳಂತೆ. ಇಟ್ಟವರ ಬುದ್ಧಿಗೆ ಏನನ್ನಬೇಕು.

ಯಂತ್ರದ ಹುಡುಗ ಪರದೆಯ ಮೇಲೆ ತೋರಿಸಿದ. ಸರಿ ಇರುವ ತಲೆಯಲ್ಲಿ ನಡುವೆ ಎರಡು ಅಲ್ಪವಿರಾಮ ಹೊಳೆಯುತ್ತವೆ, ಬಾಲ ಇರುವಂಥವು. ವೀಬ್ರನ್ನನವು ಬಾಲ ಉದುರಿ ಬರೀ ಚುಕ್ಕಿ.

"ಅಂದ್ರೆ?" ಅಂದೆ.

"ಡಾಕ್ಟರ್ ಹೇಳ್ತಾರೆ."

"ನಿನಗೆ ಗೊತ್ತಿಲ್ವಾ?"

"ಗೊತ್ತಿದ್ರೂ ಹೇಳೋ ಹಾಗಿಲ್ಲ, ಅಮ್ಮಾವ್ರೇ."

ಬೌಕೆ ಆಸ್ಪತ್ರೆಗೆ ಫೋನು ಮಾಡಿ ಕೇಳಿದಳು. ಚುಕ್ಕಿ ಎಂದರೆ ಕಾಯಿಲೆ ಇದೆ ಅಂತ. ಯಾವುದು ಅಂತ ಚುಕ್ಕಿ ಹೇಳುವುದಿಲ್ಲವಂತೆ. ಒಳ್ಳೆಯದರಲ್ಲೂ ಚುಕ್ಕಿಯೇ, ಕೆಟ್ಟದ್ದರಲ್ಲೂ ಚುಕ್ಕಿಯೇ. ಅಷ್ಟು ದೊಡ್ಡ ಯಂತ್ರ, ಅಷ್ಟೂ ಹೇಳಲು ಬರುವುದಿಲ್ಲ ಎಂದರೆ! ಇರಲಿ. ಸೈಕಲ್ಲು ಹೇಳಿದೆಯಲ್ಲ.

ಮಾರ್ಚ್ 15, ಶುಕ್ರವಾರ

ಹೆಚ್ಚಿಸಿದ ಮಾತ್ರೆ ಅವನಿಗೆ ಒಗ್ಗುತ್ತಿಲ್ಲ. ಊಟವಾದ ಮೇಲೆ ಬಚ್ಚಲಿಗೆ ಓಡುತ್ತಾನೆ. ಓಡುತ್ತಾನೆ ಅಂತ ಬರೆದೆ, ಓಡುವುದೆಲ್ಲಿ ಬಂತು. ಎದ್ದು ನಿಂತರೆ ಕಣ್ಣು ಕತ್ತಲೆ. ನಡಿಗೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸವಿಲ್ಲ. "ತಾಳ್ಕೋ, ಪಾರ್ಕಿನ್ಸನ್ನಿಗೆ ಇದೇ ಮದ್ದು" ಅಂದೆ. ತಾಳಿಕೊಳ್ಳುತ್ತಿದ್ದಾನೆ.

ಬೆಳಿಗ್ಗೆ ಮಾತ್ರ ತಪ್ಪದೆ ಬ್ರೆಡ್ಡಿಗೆ ಹೊರಡುತ್ತಾನೆ. ಬೇಡ ಅಂದರೂ ಕೇಳುವುದಿಲ್ಲ. ಮೊಂಡ.

ಮಾರ್ಚ್ 19, ಮಂಗಳವಾರ

ಕೈ ಸುಮ್ಮನಿರಲಿಲ್ಲ. ಶೆಡ್ಡು ತೊಳೆಯಲು ಹೋದೆ. ಅವನು ಊಟವಾಗಿ ಮಲಗಿದ್ದ. ಹೇಗೂ ಬಕೆಟ್ಟು ಕೈಯಲ್ಲಿದೆ, ಅವನ ಸೈಕಲ್ಲನ್ನೂ ಒರೆಸೋಣ ಅಂತ ತಿರುಗಿಸಿ ನಿಲ್ಲಿಸಿದೆ.

ಪೆಡಲಿನ ಸರಳಿಗೂ ಚೈನಿನ ಮುಚ್ಚಳಕ್ಕೂ ನಡುವೆ ಜೇಡನ ಬಲೆ. ನಿನ್ನೆ ಮೊನ್ನೆಯದಲ್ಲ. ಧೂಳು ಹಿಡಿದು ಉಣ್ಣೆಯ ನೂಲಿನಷ್ಟು ದಪ್ಪವಾಗಿತ್ತು.

ಮೊದಲು ಬಟ್ಟೆ ಎತ್ತಿದೆ. ಆಮೇಲೆ ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

ಇವತ್ತು ಬೆಳಿಗ್ಗೆಯೂ ಈ ಸೈಕಲ್ಲು ಬ್ರೆಡ್ಡು ತಂದಿದೆ. ಚಕ್ರದಲ್ಲಿ ಹಸಿ ಕೆಸರಿದೆ. ಟೈರು ಒತ್ತಿ ನೋಡಿದೆ, ಕಲ್ಲಿನ ಹಾಗೆ ಗಟ್ಟಿ. ಎಡಗಡೆಯ ಹಿಡಿಯ ರಬ್ಬರು ಸವೆದು ಕೆಳಗಿನ ಕಬ್ಬಿಣ ಕಾಣುತ್ತಿದೆ. ಬಲಗಡೆಯದು ಹೊಸದರ ಹಾಗೆ. ಸೀಟಿನ ಮೇಲೆ ಬೆರಳಾಡಿಸಿದರೆ ಹಸಿರು ಪಾಚಿ.

ಸೈಕಲ್ಲು ತಳ್ಳಿಕೊಂಡು ಹೋದರೆ ಚಕ್ರ ತಿರುಗುತ್ತದೆ, ಪೆಡಲು ತಿರುಗುವುದಿಲ್ಲ. ಇದು ಈ ನಾಡಿನಲ್ಲಿ ನಡೆಯಲು ಕಲಿಯದ ಮಗುವಿಗೂ ಗೊತ್ತು.

ಬಲೆ ಮುಟ್ಟಲಿಲ್ಲ. ಬಕೆಟ್ಟಿನ ನೀರು ಚೆಲ್ಲಿ ಒಳಗೆ ಬಂದೆ.

ಮಾರ್ಚ್ 20, ಬುಧವಾರ

ಅವನು ಹಿತ್ತಿಲಿನಿಂದ ಹೊರಟ ಮೇಲೆ ಮಾಳಿಗೆಯ ಕಿಟಕಿಗೆ ಹೋದೆ. ಅಲ್ಲಿಂದ ಕಾಲುವೆಯ ದಾರಿ ಕಾಣುತ್ತದೆ. ಅಡುಗೆಮನೆಯಿಂದ ಕಾಣುವುದಿಲ್ಲ. ಅದನ್ನು ನೋಡಿಯೇ ಆ ದಾರಿ ಹಿಡಿದಿದ್ದಾನೆ.

ಸೈಕಲ್ಲಿನ ಎಡಕ್ಕೆ ನಿಂತು, ಹಿಡಿಯ ಮೇಲೆ ಇಡೀ ಮೈ ಭಾರ ಹಾಕಿ, ಸಣ್ಣ ಸಣ್ಣ ಹೆಜ್ಜೆ. ಸೇತುವೆಯ ಏರಿನಲ್ಲಿ ನಿಂತು ಸುಧಾರಿಸಿಕೊಂಡ. ಗೆರ್ಲೋಫ್ ಬೆಂಚಿನಿಂದ ಏನೋ ಅಂದ. ಇವನು ತಲೆಯಾಡಿಸಿದ.

ಅವನು ವಾಪಸು ಬಂದ ಮೇಲೆ ನಾನು ಬೇಕರಿಗೆ ಹೋದೆ, ಯೀಸ್ಟು ಬೇಕಿತ್ತು ಅಂತ. ಡೀವ್ಕೆಯನ್ನು ನೇರವಾಗಿ ಕೇಳಿದೆ.

"ವೀಬ್ರನ್ ಸೈಕಲ್ಲು ಹತ್ತಿದ್ದು ಯಾವಾಗ ನೋಡಿದ್ದೆ ನೀನು?"

ಅವಳು ಹಿಟ್ಟಿನ ಕೈ ಒರೆಸಿಕೊಂಡಳು. "ಅಯ್ಯೋ ಇಮ್ಕೆ. ನಿನಗೆ ಗೊತ್ತಿದೆ ಅಂತಿದ್ವಿ."

"ಏನು ಗೊತ್ತಿದೆ?"

"ಹೋದ ವರ್ಷ ಸೇಬು ಕೀಳೋ ಕಾಲದಿಂದ ನಡ್ಕೊಂಡೇ ಬರ್ತಾನೆ. ಕೇಳಿದ್ರೆ ಪಂಕ್ಚರ್ ಅಂತಾನೆ."

"ದಿನಾನಾ?"

"ದಿನಾ ಪಂಕ್ಚರ್. ನಾವೂ ಹೌದಾ ಅಂತೀವಿ. ಇನ್ನೇನು ಅನ್ನೋದು?"

ಊರಿಗೆ ಊರೇ ಸೇರಿ ಹೌದಾ ಅಂದಿದೆ. ಅದೇ ಮನೆಯಲ್ಲಿ ಮಲಗಿ ಏಳುವ ನಾನೊಬ್ಬಳೇ ಕತ್ತೆ. ಯೀಸ್ಟು ಅಲ್ಲೇ ಬಿಟ್ಟು ಬಂದೆ.

ಮಾರ್ಚ್ 21, ಗುರುವಾರ

ಕಾಫಿ ಇಟ್ಟು ಎದುರಿಗೆ ಕೂತೆ. "ಜೇಡನ ಬಲೆ ನೋಡ್ದೆ" ಅಂದೆ. ಬೇರೇನೂ ಹೇಳಬೇಕಾಗಲಿಲ್ಲ.

ಬಹಳ ಹೊತ್ತು ಕಾದೆ. ನನಗೆ ಕಾಯುವುದೆಂದರೆ ಮೈಮೇಲೆ ಇರುವೆ ಹರಿದ ಹಾಗೆ.

"ಡಾಕ್ಟರಿಗೆ ಹೇಳ್ಬೇಡ" ಅಂದ.

"ನಾನು ಸುಳ್ಳು ಹೇಳೋಳಲ್ಲ ಅಂತ ನಿನಗೆ ಗೊತ್ತಿಲ್ವಾ?"

"ನೀನು ಈಗಾಗ್ಲೇ ಹೇಳಾಗಿದೆ. ಸುಮ್ನಿದ್ರೆ ಸಾಕು."

"ಗೊತ್ತಿಲ್ದೆ ಹೇಳಿದ್ದು ಸುಳ್ಳಲ್ಲ. ಗೊತ್ತಿದ್ದೂ ಸುಮ್ನಿರೋದು ಸುಳ್ಳು."

"ಇಮ್ಕೆ." ಅಷ್ಟು ಹೇಳಿ ಮತ್ತೆ ನಿಂತ. "ಪಾರ್ಕಿನ್ಸನ್ ಅಂದ್ರೆ ಜನಕ್ಕೆ ಗೊತ್ತಾಗುತ್ತೆ. ನನಗೂ ಅಭ್ಯಾಸ ಆಗಿದೆ. ಇನ್ನೊಂದು ಬೇಡ ನನಗೆ."

ನಾನು ಬೇಕು ಅಂದೆನಾ? ಅಂಗಡಿಯಲ್ಲಿ ಸಾಮಾನು ಆರಿಸಿದ ಹಾಗೆ ಮಾತಾಡುತ್ತಾನೆ. ಬಟ್ಟಲು ತೊಳೆಯಲು ಎದ್ದೆ. ತೊಳೆಯುತ್ತಾ ಒಂದರ ಹಿಡಿಕೆ ಮುರಿದೆ.

ಮಾರ್ಚ್ 26, ಮಂಗಳವಾರ

ಕಿಟಕಿ ತೊಳೆದೆ. ಪರದೆ ಒಗೆದೆ. ಆಲೂಗಡ್ಡೆಯ ಮಡಿ ಅಗೆದೆ. ಆಲೂಗಡ್ಡೆ ಹಾಕುವುದಿಲ್ಲ ಈ ವರ್ಷ, ಆದರೂ ಅಗೆದೆ.

ಏಪ್ರಿಲ್ 2, ಮಂಗಳವಾರ

ವೀಬ್ರನ್ ಶೆಡ್ಡಿನ ಬಾಗಿಲಲ್ಲಿ ಬಿದ್ದ. ಮುಂದಕ್ಕಲ್ಲ, ಹಿಂದಕ್ಕೆ, ಮರ ಕಡಿದ ಹಾಗೆ. ಕೈ ಊರಲು ಕೂಡ ಹೋಗಲಿಲ್ಲ. ತಲೆಯ ಹಿಂದೆ ಬುಗುಟು. ಎಬ್ಬಿಸಲು ನನ್ನಿಂದಾಗಲಿಲ್ಲ. ಗೆರ್ಲೋಫ್‌ನನ್ನು ಕೂಗಿದೆ. ಬಂದ. "ಏಳಪ್ಪಾ ರಾಜ, ನೆಲ ತಣ್ಣಗಿದೆ" ಅಂದು ಕಂಕುಳಿಗೆ ಕೈ ಹಾಕಿ ಎತ್ತಿದ. ಯಾರಿಗೂ ಹೇಳಬೇಡ ಅಂದೆ. "ಏನು ಹೇಳೋದು, ನಾನೇನು ನೋಡ್ದೆ?" ಅಂದ. ಅವನನ್ನು ಇಷ್ಟು ವರ್ಷ ಬಾಯಿಬಡುಕ ಅಂದುಕೊಂಡಿದ್ದೆ.

ಸಂಜೆ ಮಾತ್ರೆ ಕೊಟ್ಟೆ, ವಾಂತಿ ಮಾಡಿದ. ಬಚ್ಚಲಲ್ಲಿ ಅವನ ಹಣೆ ಹಿಡಿದು ನಿಂತಿದ್ದೆ. ಇಲ್ಲದ ಕಾಯಿಲೆಗೆ ಇರುವ ಮದ್ದು ತಿನ್ನಿಸುತ್ತಿದ್ದೇನೆ. ಕೈಯಾರೆ, ನೀರಿನ ಜೊತೆ.

ಏಪ್ರಿಲ್ 11, ಗುರುವಾರ

ಡಾಕ್ಟರು ತಲೆಯ ಚಿತ್ರ ಪರದೆಯ ಮೇಲೆ ಹಾಕಿದಳು. ಈ ಸಲ ಗದ್ದಲದ ಯಂತ್ರದ್ದು. ತಲೆಯನ್ನು ನಡುವೆ ಸೀಳಿ ಪಕ್ಕದಿಂದ ನೋಡಿದ ಹಾಗೆ. ಪೆನ್ನಿನ ತುದಿಯಿಂದ ತೋರಿಸಿದಳು: ಮೆದುಳಿನ ಕಾಂಡದ ಮೇಲ್ಭಾಗ ಸ್ವಲ್ಪ ಸವೆದ ಹಾಗಿದೆ. ತುಂಬ ಸವೆದರೆ ಪಕ್ಕದಿಂದ ಹಕ್ಕಿಯ ತಲೆ, ಕೊಕ್ಕಿನ ಹಾಗೆ ಕಾಣುತ್ತದಂತೆ.

ವೀಬ್ರನ್ ಪರದೆಯನ್ನೇ ನೋಡಿದ. ಅದು ಅವನ ಕಣ್ಣಿನ ನೇರಕ್ಕಿತ್ತು. "ಗೊರವ" ಅಂದ. ನಮ್ಮ ಹುಲ್ಲುಗಾವಲಿನ ಉದ್ದ ಕೊಕ್ಕಿನ ಹಕ್ಕಿ. ಅವನು ಹೇಳಿದ ಮೇಲೆ ನನಗೂ ಅದೇ ಕಂಡಿತು, ಹುಲ್ಲಿನಲ್ಲಿ ತಲೆಯೆತ್ತಿ ನಿಂತ ಹಾಗೆ. ಆಮೇಲೆ ಎಷ್ಟು ನೋಡಿದರೂ ಬೇರೇನೂ ಕಾಣಲಿಲ್ಲ.

"ಹಕ್ಕಿ ಅನ್ನೋಕೆ ಪೂರ್ತಿ ಧೈರ್ಯ ಬರ್ತಿಲ್ಲ ನನಗೆ" ಅಂದಳು ಡಾಕ್ಟರು. "ಇದೇ ಅಂತ ಗೆರೆ ಎಳೆದು ಹೇಳೋಷ್ಟು ಸವೆದಿಲ್ಲ. ಚಿತ್ರ ಒಂದೇ ಸಾಕಾಗಲ್ಲ. ನಡಿಗೆ, ಕಣ್ಣು, ಮಾತ್ರೆ ಏನು ಮಾಡ್ತು, ಎಲ್ಲ ಸೇರಿಸಿ ನೋಡ್ಬೇಕು." ಹಾಳೆ ತಿರುಗಿಸಿದಳು. "ಸೈಕಲ್ಲು ಈಗ್ಲೂ ಹೊಡೀತಿದ್ದೀರಾ?"

"ಹೂಂ" ಅಂದ ವೀಬ್ರನ್. ಅವನ ಮಾತು ಅಷ್ಟು ಬೇಗ ಬಂದದ್ದೇ ಇಲ್ಲ. "ದಿನಾ. ಬ್ರೆಡ್ಡಿಗೆ."

ನಾನು ಕೈಚೀಲದ ಹಿಡಿ ತಿರುಚುತ್ತಾ ಕೂತಿದ್ದೆ. ಸುಮ್ಮನಿರಬೇಕು ಅಂತಲೇ ಹೋಗಿದ್ದೆ. ಕಾರಿನಲ್ಲಿ ಅವನ ಕೈ ಹಿಡಿದು ಹಾಗೇ ಅಂದಿದ್ದೆ ಕೂಡ. ಡಾಕ್ಟರು ಬರೆಯಲು ಬಗ್ಗಿದಳು. "ಹಾಗಿದ್ರೆ ಮಾತ್ರೆ ಇನ್ನೊಂಚೂರು ಹೆಚ್ಚಿಸಿ..." ಅಂದಳು.

"ತುಳಿಯಲ್ಲ" ಅಂದೆ. "ತಳ್ತಾನೆ."

ಪೆನ್ನು ನಿಂತಿತು. ಬೌಕೆ ನನ್ನ ಕಡೆ ತಿರುಗಿದಳು. "ಅಮ್ಮ, ಏನು ಹೇಳ್ತಿದ್ದೀಯ?"

"ಪೆಡಲಿಗೆ ಜೇಡ ಬಲೆ ಕಟ್ಟಿದೆ. ಸೈಕಲ್ಲಿಗೆ ಒರಗಿಕೊಂಡು ನಡೀತಾನೆ. ಮೊನ್ನೆ ಹಿಂದಕ್ಕೆ ಬಿದ್ದ. ಮಾತ್ರೆ ತಿಂದು ವಾಂತಿ ಬಿಟ್ರೆ ಬೇರೇನೂ ಆಗಿಲ್ಲ. ಬರ್ಕೊಳ್ಳಿ."

ಡಾಕ್ಟರು ನನ್ನನ್ನು ಕೇಳಲಿಲ್ಲ. ಕುರ್ಚಿ ಸರಿಸಿ ಅವನ ಕಣ್ಣಿನ ಎದುರಿಗೆ ಬಂದು ಕೂತಳು. "ಯಾವಾಗಿಂದ, ವೀಬ್ರನ್ ಅವರೇ?"

ಕಾದಳು. ಅವಳಿಗೆ ಕಾಯಲು ಬರುತ್ತದೆ.

"ಸೇಬು ಕೀಳೋ ಹೊತ್ತಿಂದ" ಅಂದ. "ಸೇತುವೆ ಹತ್ರ ಬಿದ್ದೆ. ಮತ್ತೆ ಹತ್ತಕ್ಕೆ ಹೋದೆ. ಯಾರೋ ಪಕ್ಕಕ್ಕೆ ಎಳೆದ ಹಾಗೆ ಆಗೋದು. ಐದು ವರ್ಷದ ಹುಡುಗ ಇದ್ದಾಗಿಂದ ಹೊಡೆದಿದೀನಿ, ಡಾಕ್ಟ್ರೇ. ಮರೀತು ಅಂತ ಯಾರಿಗೆ ಹೇಳ್ಲಿ?"

ಮತ್ತೆ ಕಣ್ಣು ನೋಡಿದಳು, ಎಳೆದು ನೋಡಿದಳು, ಚಪ್ಪಾಳೆ ತಟ್ಟಿಸಿದಳು. ಮೂರಕ್ಕೆ ನಿಲ್ಲಿಸಲಿ ಅಂತ ನಾನು ಹಲ್ಲು ಕಚ್ಚಿ ಕೂತಿದ್ದೆ. ನಿಲ್ಲಲಿಲ್ಲ. ಎದ್ದು ಹೋಗಿ ಅವನ ಎರಡೂ ಕೈ ಹಿಡಿದುಕೊಂಡೆ, ಆಗ ನಿಂತಿತು.

ಹೆಸರು ಹೇಳಿದಳು. ಉದ್ದದ್ದು. ಬೌಕೆ ಬರೆದುಕೊಂಡಳು, ನಾನು ಬರೆದುಕೊಳ್ಳುವುದಿಲ್ಲ. ನೂರಕ್ಕೆ ನೂರು ಅಂತ ಹೇಳಲಾಗದು, ಆದರೆ ಎಲ್ಲ ಈಗ ಅತ್ತಲೇ ಬೆರಳು ತೋರಿಸುತ್ತಿದೆ ಅಂದಳು. ಕಣ್ಣನ್ನು ಕೆಳಗೆ ಇಳಿಸುವ ಶಕ್ತಿಯನ್ನೇ ಆ ಕಾಯಿಲೆ ಮೊದಲು ತಿನ್ನುತ್ತದಂತೆ. "ಅವರು ತಟ್ಟೆ ನೋಡ್ತಾ ಇಲ್ಲ ಅಂತಲ್ಲ. ನೋಡೋಕೆ ಆಗ್ತಾ ಇಲ್ಲ."

ಸೂಪು. ಆ ಅಂಗಿಗಳು.

ಮಾತ್ರೆ ನಿಧಾನವಾಗಿ ಇಳಿಸುತ್ತಾರೆ. ಎಷ್ಟು ವರ್ಷ ಅಂತ ಬೌಕೆ ಕೇಳಲು ಹೋದಳು. "ಅದು ಬೇಡ" ಅಂದ ವೀಬ್ರನ್.

ಏಪ್ರಿಲ್ 12, ಶುಕ್ರವಾರ

ಬ್ರೆಡ್ಡಿಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತ. ಮಧ್ಯಾಹ್ನದವರೆಗೆ ನನ್ನ ಹತ್ತಿರ ಮಾತಿಲ್ಲ. ನನಗೂ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಮನೆಯೆಲ್ಲ ಸುತ್ತಿದೆ. ಕೊನೆಗೆ ಪೊರಕೆ ಹಿಡಿದೇ ಅವನ ಎದುರು ನಿಂತೆ.

"ಬೈಯೋದಿದ್ರೆ ಬೈದುಬಿಡು."

"ನೀನು ಹೇಳ್ತೀಯ ಅಂತ ಗೊತ್ತಿತ್ತು."

"ಹೇಳ್ಬೇಡ ಅಂದಿದ್ದೆಯಲ್ಲ ನೀನು."

"ಅಂದಿದ್ದೆ" ಅಂದ. ಕಾದೆ. ಈ ಸಲ ಇರುವೆ ಹರಿಯಲಿಲ್ಲ. "ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಬಹುದಿತ್ತು ನಾನು. ಬೌಕೆ ಒಬ್ಬಳೇ ಸಾಕಿತ್ತು."

ಇದರ ಅರ್ಥ ಏನು ಅಂತ ಯೋಚಿಸುತ್ತಾ ಅದೇ ಮೂಲೆಯನ್ನು ಎರಡು ಸಲ ಗುಡಿಸಿದೆ.

ಏಪ್ರಿಲ್ 20, ಶನಿವಾರ

ಬರೆಯುವಂಥದ್ದೇನೂ ಇಲ್ಲ. ದೊಡ್ಡ ಪಾತ್ರೆಯನ್ನು ಬೋರಲು ಹಾಕಿ, ಅದರ ಮೇಲೆ ಸೂಪಿನ ತಟ್ಟೆ ಇಟ್ಟೆ. ಅವನ ಗಲ್ಲದ ಎತ್ತರಕ್ಕೆ ಬಂತು. "ಇದೇನು, ಬಲಿಪೀಠವಾ?" ಅಂದ. "ಬಾಯಿ ಮುಚ್ಕೊಂಡು ತಿನ್ನು" ಅಂದೆ. ತಿಂದ. ಅಂಗಿ ಸ್ವಚ್ಛ. ಇನ್ನೊಂದು ಸೌಟು ಹಾಕಿದೆ, ಅದನ್ನೂ ತಿಂದ.

ನಾನೂ ಅವನ ಎದುರಿನ ಕುರ್ಚಿಗೆ ಬದಲಾಯಿಸಿಕೊಂಡಿದ್ದೇನೆ. ಅವನು ನೇರ ನೋಡಿದರೆ ಸಿಗುವ ಜಾಗ ಅದೊಂದೇ. ಮೊದಲು ಅಲ್ಲಿ ಅವನಿಗೆ ಗೋಡೆಯ ಗಡಿಯಾರ ಕಾಣುತ್ತಿತ್ತು.

ಏಪ್ರಿಲ್ 29, ಸೋಮವಾರ

ಆಸ್ಪತ್ರೆಯಿಂದ ನಾಲ್ಕು ಚಕ್ರದ ತಳ್ಳುಗಾಡಿ ಬಂತು, ಒರಗಿಕೊಂಡು ನಡೆಯುವಂಥದ್ದು. ವೀಬ್ರನ್ ಅದನ್ನು ನೋಡಿ, "ಇದರಲ್ಲಿ ಮಗು ಎಲ್ಲಿದೆ?" ಅಂದ. ಮನೆಯೊಳಗೆ ಹಿಡಿದು ಓಡಾಡುತ್ತಾನೆ. ಹೊರಗೆ ಹೋಗೋಣ ಅಂದರೆ ಕಿವುಡ. ಊರಿನವರ ಕಣ್ಣಿಗೆ ಆ ಗಾಡಿಯ ಜೊತೆ ಬೀಳುವುದಿಲ್ಲವಂತೆ. ಹೊರಗೆ ಬಿಸಿಲಿದೆ, ಇವನು ಕಿಟಕಿಯಲ್ಲಿ. ಮೂರು ವಾರವಾಗುತ್ತಾ ಬಂತು, ನಾನೇ ಸೈಕಲ್ಲು ಹತ್ತಿ ಬ್ರೆಡ್ಡು ತರುತ್ತಿದ್ದೇನೆ. ಹಾಲು ಉಕ್ಕುವುದರೊಳಗೆ ಹೋಗಿ ಬರುತ್ತೇನೆ. ಆ ಬ್ರೆಡ್ಡಿಗೆ ರುಚಿಯಿಲ್ಲ. ಡೀವ್ಕೆ ಹಿಟ್ಟು ಬದಲಾಯಿಸಿರಬೇಕು.

ಮೇ 6, ಸೋಮವಾರ

ಬೆಳಿಗ್ಗೆ ಬ್ರೆಡ್ಡಿನ ಡಬ್ಬಿ ಅವನ ಕಣ್ಣಿನ ಎದುರು ಎತ್ತಿ ಹಿಡಿದೆ. ಖಾಲಿ.

"ಏಳು" ಅಂದೆ.

"ನೀನೇ ಹೋಗಿ ಬಾ."

"ನಿನ್ನ ಸೈಕಲ್ಲು ಶೆಡ್ಡಿನ ಹೊರಗೆ ನಿಲ್ಲಿಸಿದೀನಿ. ನಂದೂ ನಿಲ್ಲಿಸಿದೀನಿ. ಏಳೋ."

ಕೋಟು ಹಾಕಲು ಹೊತ್ತು ಹಿಡಿಯಿತು. ಅವನನ್ನು ಎಡಗಡೆ ನಿಲ್ಲಿಸಿ ಹಿಡಿ ಕೊಟ್ಟೆ. ನಾನು ಅವನ ಹಿಂದೆ ಅರ್ಧ ಹೆಜ್ಜೆ, ಒಂದು ಕೈಯಲ್ಲಿ ನನ್ನ ಸೈಕಲ್ಲು, ಇನ್ನೊಂದು ಕೈ ಅವನ ಕೋಟಿನ ಬೆಲ್ಟಿನಲ್ಲಿ. ಹಿಂದಕ್ಕೆ ಬಿದ್ದರೆ ಬೀಳಬೇಕಾದ್ದು ನನ್ನ ಮೇಲೆ. ನಾನು ಇನ್ನೂ ಗಟ್ಟಿ ಅಂತ ಡಾಕ್ಟರೇ ಹೇಳಿದ್ದಾಳೆ. ಹಿತ್ತಿಲ ದಾರಿ ಬೇಡ ಅಂದೆ. ದೊಡ್ಡ ರಸ್ತೆಯಲ್ಲೇ ಹೋದೆವು.

"ನೀನು ಹತ್ತಿ ಹೋಗು. ನಾನು ಬರ್ತೀನಿ" ಅಂದ.

"ಆಗಲ್ಲ. ನನ್ನ ಟೈರಲ್ಲಿ ಗಾಳಿ ಇಲ್ಲ."

ಹುಲ್ಲುಗಾವಲಿನಲ್ಲಿ ಗೊರವ ಕೂಗುತ್ತಿತ್ತು. ಎಲ್ಲಿದೆ ಅಂತ ಅವನಿಗೆ ಕಾಣಲಿಲ್ಲ, ನಾನು ಹೇಳಿದೆ: ಬೇಲಿಗೂಟದ ಮೇಲೆ, ಬಲಕ್ಕೆ. ಇಷ್ಟು ವರ್ಷ ಈ ರಸ್ತೆಯಲ್ಲಿ ಹೋಗಿದ್ದೇನೆ, ಆ ಗೂಟದ ಮೇಲೆ ಹಕ್ಕಿ ಕೂರುತ್ತದೆ ಅಂತ ನಾನು ನೋಡಿರಲಿಲ್ಲ.

ಸೇತುವೆಯ ಏರಿನಲ್ಲಿ ನಿಂತೆವು. ಬೆಂಚಿನಿಂದ ಗೆರ್ಲೋಫ್ ಎದ್ದು ಬಂದ.

"ಏನು ವೀಬ್ರನ್, ಇನ್ನೂ ಪಂಕ್ಚರ್ ಸರಿಯಾಗಿಲ್ವಾ?"

"ಇಲ್ಲಪ್ಪ" ಅಂದ ವೀಬ್ರನ್.

ಗೆರ್ಲೋಫ್ ನನ್ನ ಕಡೆ ತಿರುಗಿದ. ಅವನ ಮೀಸೆಯ ಕೆಳಗೆ ಏನೋ ಅಲ್ಲಾಡುತ್ತಿತ್ತು. "ಇಮ್ಕೆ, ನಿಂದೂ ಪಂಕ್ಚರಾ? ಒಂದೇ ಮನೇಲಿ ಎರಡೂ?"

"ಗಾಳಿ ಇಲ್ಲ. ಬೇಕಾದ್ರೆ ನೋಡ್ಕೋ."

ಆ ಮನುಷ್ಯ ನಿಜಕ್ಕೂ ಬಗ್ಗಿ ಹೆಬ್ಬೆರಳಿನಿಂದ ನನ್ನ ಹಿಂದಿನ ಟೈರು ಒತ್ತಿದ. ರಿಮ್ಮಿನವರೆಗೂ ಬೆರಳು ಇಳಿಯಿತು. ಎದ್ದು ನಿಂತು ಟೋಪಿ ಸರಿಮಾಡಿಕೊಂಡ. ನಮಗೆ ದಾರಿ ಬಿಟ್ಟ.

ನೋಡಲಿ. ಹೊರಡುವ ಮುಂಚೆ ಶೆಡ್ಡಿನ ಹಿಂದೆ ಕೂತು ನಾನೇ ಗಾಳಿ ಬಿಟ್ಟಿದ್ದೆ. ಪೂರ್ತಿ ಹೋಗುವವರೆಗೂ ವಾಲ್ವು ಒತ್ತಿ ಹಿಡಿದಿದ್ದೆ. ನಾನು ಸುಳ್ಳು ಹೇಳುವವಳಲ್ಲ.